ಐವತ್ತು ಸಾವಿರ ಡಾಲರಿಗೆ ಎರಡು ವರ್ಷ: ಎನ್‌ಎಚ್‌ಎಸ್‌ಸಿ ಸಾಲ ಮರುಪಾವತಿ ಯೋಜನೆ ಬಳಸಿ ನೋಡಿದ ಮೇಲೆ

ನಾನು ಅಮೆರಿಕದಲ್ಲಿ ಡೆಂಟಿಸ್ಟ್. ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿ ಪಾವಗಡಕ್ಕೆ ಫೋನ್ ಮಾಡಿ ಅಪ್ಪನಿಗೆ ವಿಷಯ ಬಿಡಿಸಿ ಹೇಳಿದೆ. ಬಡವರು ಬರುವ ಕ್ಲಿನಿಕ್ಕಿನಲ್ಲಿ ಎರಡು ವರ್ಷ ಕೆಲಸ ಮಾಡಬೇಕು, ಅದಕ್ಕೆ ಸರ್ಕಾರ ನನ್ನ ಓದಿನ ಸಾಲಕ್ಕೆ ಅಂತ 50,000 ಡಾಲರ್ ಕೊಡುತ್ತೆ, ಮಧ್ಯದಲ್ಲಿ ಬಿಟ್ಟು ಹೋದರೆ ದಂಡ ಕಟ್ಟಬೇಕು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಇದು ಜೀತ ಅಲ್ವೇನಮ್ಮಾ?" ಅಂದರು.

ಅಪ್ಪ ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ 1976ರಲ್ಲಿ ಬಂದಾಗ ಅವರು ಹೈಸ್ಕೂಲಿನಲ್ಲಿದ್ದರು. ಮನೆಯವರು ಮಾಡಿದ ಸಾಲಕ್ಕೆ ಸಾಹುಕಾರರ ದನ ಕಾಯಲು ಹೋಗಿ ಸ್ಕೂಲು ಬಿಟ್ಟ ತಮ್ಮ ಬೆಂಚಿನ ಹುಡುಗನ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹಾಗಾಗಿ ಆ ಪದ ಅವರ ಬಾಯಿಂದ ಬರೀ ತಮಾಷೆಗೆ ಬಂದದ್ದಲ್ಲ. "ಇಲ್ಲ ಅಪ್ಪ, ಇದಕ್ಕೆ ಸಂಬಳ ಬೇರೆ ಬರುತ್ತೆ" ಅಂತ ಏನೇನೋ ಸಮಜಾಯಿಷಿ ಕೊಟ್ಟೆ. ಆದರೂ ಎರಡು ವರ್ಷದಲ್ಲಿ ನಾಲ್ಕೈದು ಸಲವಾದರೂ ಆ ಮಾತು ನೆನಪಾಗಿದೆ.

ತಿಂಗಳಿಗೆ ಒಬ್ಬರಾದರೂ ಜೂನಿಯರ್‌ಗಳು ವಾಟ್ಸ್ಆಪ್‌ನಲ್ಲಿ ಕೇಳುತ್ತಾರೆ, "ಅಕ್ಕಾ, ಆ ಲೋನ್ ರೀಪೇಮೆಂಟ್ ತಗೋಬಹುದಾ?" ಎಲ್ಲರಿಗೂ ಬಿಡಿಬಿಡಿಯಾಗಿ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ, ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸಿತು. ಮಿಕ್ಸಿ, ಪ್ರೆಶರ್ ಕುಕ್ಕರಿಗೆಲ್ಲ ರಿವ್ಯೂ ಬರೆಯುತ್ತೇವೆ. ಎರಡು ವರ್ಷ ಬಳಸಿದ ಇದಕ್ಕೆ ಯಾಕಾಗಬಾರದು.

ಮೊದಲು, ಇದು ಏನು. ಅಮೆರಿಕದಲ್ಲಿ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ (ಎನ್‌ಎಚ್‌ಎಸ್‌ಸಿ) ಅಂತ ಒಂದಿದೆ, 1970ರ ಕಾಯ್ದೆಯಿಂದ ಹುಟ್ಟಿದ್ದು. ಕೇಂದ್ರ ಆರೋಗ್ಯ ಇಲಾಖೆಯ ಕೆಳಗೆ ಹರ್ಸಾ ಅನ್ನುವ ಸಂಸ್ಥೆ ನಡೆಸುತ್ತದೆ. ಡಾಕ್ಟರು, ಡೆಂಟಿಸ್ಟು ಸಿಗದ ಜಾಗಗಳಲ್ಲಿ ಕೆಲಸ ಮಾಡುವವರ ಓದಿನ ಸಾಲಕ್ಕೆ ದುಡ್ಡು ಕೊಡುವುದು ಇದರ ಒಂದು ಯೋಜನೆ. ಡೆಂಟಿಸ್ಟಿಗೆ ಎರಡು ವರ್ಷದ ಫುಲ್‌ಟೈಮ್ ಕೆಲಸಕ್ಕೆ 50,000 ಡಾಲರ್‌ವರೆಗೆ, ಅರ್ಧ ಹೊತ್ತಿನ ಕೆಲಸಕ್ಕೆ 25,000ವರೆಗೆ. ಈ ದುಡ್ಡಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದು ಸಣ್ಣ ವಿಷಯವಲ್ಲ. ಇಷ್ಟನ್ನೇ ಸಂಬಳದಲ್ಲಿ ಬೋನಸ್ ಅಂತ ಕೊಟ್ಟಿದ್ದರೆ ಕೈಗೆ ಸಿಗುತ್ತಿದ್ದದ್ದು ಎಷ್ಟೋ ಕಡಿಮೆ.

ಮುಂದೆ ಓದುವ ಮುಂಚೆ ಒಂದು ಮಾತು. ನೀವು ಅಮೆರಿಕದ ಸಿಟಿಜನ್ ಅಲ್ಲದಿದ್ದರೆ ಈ ಯೋಜನೆ ನಿಮಗಿಲ್ಲ. ಎಚ್-1ಬಿಗೆ ಇಲ್ಲ, ಗ್ರೀನ್ ಕಾರ್ಡಿಗೂ ಇಲ್ಲ. ನನಗೆ ಕೇಳುವವರಲ್ಲಿ ಹತ್ತಕ್ಕೆ ಎಂಟು ಜನರ ಪ್ರಶ್ನೆ ಇಲ್ಲಿಗೇ ಮುಗಿಯುತ್ತದೆ. ನನ್ನ ಯಜಮಾನರು ಮೈಸೂರಿನವರಾದರೂ ಹತ್ತನೇ ವಯಸ್ಸಿಗೇ ಇಲ್ಲಿಗೆ ಬಂದವರು, ಸಿಟಿಜನ್. ಮದುವೆಯಿಂದ ನನಗೆ ಗ್ರೀನ್ ಕಾರ್ಡ್, ಆಮೇಲೆ 2021ರ ಜನವರಿಯಲ್ಲಿ ಪೌರತ್ವ. ಅದೃಷ್ಟ ಅಂತ ಅದಕ್ಕೇ ಹೇಳಬೇಕು, ಪ್ರತಿಭೆಗಲ್ಲ.

ನನ್ನ ಸಾಲದ ಕಥೆ. ಬಿಡಿಎಸ್ ಓದಿದ್ದು ದಾವಣಗೆರೆಯಲ್ಲಿ. ಆ ಡಿಗ್ರಿ ಹಿಡಿದುಕೊಂಡು ಇಲ್ಲಿ ಯಾರ ಬಾಯಿಗೂ ಕೈ ಹಾಕುವಂತಿಲ್ಲ. ಬೋರ್ಡ್ ಪರೀಕ್ಷೆ, ಟೋಫೆಲ್, ವಿದೇಶದ ಡೆಂಟಿಸ್ಟ್‌ಗಳಿಗೆಂದೇ ಇರುವ ಕಾಪಿಡ್ ಅನ್ನುವ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ, ಪ್ಲಾಸ್ಟಿಕ್ ಹಲ್ಲು ಕೊರೆದು ತೋರಿಸುವ ಬೆಂಚ್ ಟೆಸ್ಟ್, ಎಲ್ಲ ದಾಟಿ ಎರಡು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದ್ದು 2017ರಲ್ಲಿ. ಗ್ರೀನ್ ಕಾರ್ಡ್ ಇದ್ದದ್ದರಿಂದ ಕೇಂದ್ರ ಸರ್ಕಾರದ ಸ್ಟೂಡೆಂಟ್ ಲೋನ್ ಸಿಕ್ಕಿತು. 2019ರಲ್ಲಿ ಹೊರಬಂದು, ಆ ಡಿಸೆಂಬರಿನಲ್ಲಿ ಕಂತು ಶುರುವಾದಾಗ ಸಾಲ 2,68,000 ಡಾಲರ್. ಇಲ್ಲಿ ಹುಟ್ಟಿ ನಾಲ್ಕು ವರ್ಷ ಓದಿದವರದೂ ಸರಾಸರಿ ಸುಮಾರು 3 ಲಕ್ಷ ಡಾಲರ್ ಇರುತ್ತದೆ, ಹಾಗಾಗಿ ನನ್ನದೇನೂ ವಿಶೇಷವಲ್ಲ. ಅಮ್ಮನಿಗೆ ಮಾತ್ರ ಇವತ್ತಿಗೂ ಪೂರ್ತಿ ಮೊತ್ತ ಹೇಳಿಲ್ಲ.

ಆ ವರ್ಷವೇ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಟುಲೇರಿ ಕೌಂಟಿಯ ಒಂದು ಚಿಕ್ಕ ಊರಿನ ಕಮ್ಯುನಿಟಿ ಹೆಲ್ತ್ ಸೆಂಟರ್‌ಗೆ ಸೇರಿದ್ದೆ. ಕಿತ್ತಳೆ ತೋಟ, ದ್ರಾಕ್ಷಿ, ಹಾಲಿನ ಡೈರಿ. ಚಳಿಗಾಲದಲ್ಲಿ ಎದುರಿಗಿರುವ ಲಾರಿ ಕಾಣದಷ್ಟು ಮಂಜು. ಯಜಮಾನರ ಕೆಲಸ ಹತ್ತಿರದಲ್ಲೇ ಇದ್ದದ್ದರಿಂದ ಸೇರಿದ್ದು, ಸೇವೆ ಮಾಡುವ ಹುಮ್ಮಸ್ಸಿನಿಂದೇನಲ್ಲ. ಸುಳ್ಳು ಯಾಕೆ ಹೇಳಲಿ.

ಈಗ ಅರ್ಜಿ. ವರ್ಷಕ್ಕೊಮ್ಮೆ ಕೆಲವು ವಾರ ಮಾತ್ರ ತೆರೆದಿರುತ್ತದೆ, ಫಲಿತಾಂಶ ಸೆಪ್ಟೆಂಬರ್ 30ರ ಒಳಗೆ. ನೀವು ಕೆಲಸ ಮಾಡುವ ಜಾಗ ಮೊದಲೇ ಅವರ ಪಟ್ಟಿಯಲ್ಲಿರಬೇಕು. ಆ ಜಾಗಕ್ಕೆ ಒಂದು ಕೊರತೆಯ ಅಂಕ ಇರುತ್ತದೆ, ಇಂಗ್ಲಿಷಿನಲ್ಲಿ ಎಲ್ಲರೂ "ಹಿಪ್ಸಾ ಸ್ಕೋರ್" ಅನ್ನುತ್ತಾರೆ. ಹಲ್ಲಿನ ವಿಭಾಗಕ್ಕೆ ಅದು 26ಕ್ಕೆ. ಜನಸಂಖ್ಯೆಗೆ ಎಷ್ಟು ಡೆಂಟಿಸ್ಟ್ ಅನ್ನುವುದಕ್ಕೆ 10, ಬಡತನಕ್ಕೆ 10, ಹತ್ತಿರದ ಬೇರೆ ಡೆಂಟಿಸ್ಟ್ ಎಷ್ಟು ದೂರ ಅನ್ನುವುದಕ್ಕೆ 5. ಉಳಿದ ಒಂದೇ ಒಂದು ಅಂಕ, ಹಲ್ಲು ಹುಳುಕಾಗದಿರಲಿ ಅಂತ ಇಲ್ಲಿ ನೀರಿಗೆ ಬೆರೆಸುವ ಫ್ಲೋರೈಡ್ ಆ ಊರಿನಲ್ಲಿ ಬೆರೆಸುವುದಿಲ್ಲ ಅನ್ನುವುದಕ್ಕೆ.

ಈ ಕೊನೆಯ ಸಾಲು ಓದಿ ನಾನು ಒಬ್ಬಳೇ ನಕ್ಕಿದ್ದೆ. ಪಾವಗಡದವಳು ನಾನು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಊರಿಗೆ ಊರೇ ಹಲ್ಲು ಕಂದು ಬಣ್ಣ, ವಯಸ್ಸಾದವರ ಬೆನ್ನು ಮಂಡಿ ಬಗ್ಗದ ಹಾಗೆ ಬಿಗಿದುಕೊಂಡಿರುವುದನ್ನು ನೋಡುತ್ತ ಬೆಳೆದವಳು. ನನ್ನ ಮುಂದಿನ ನಾಲ್ಕು ಹಲ್ಲಿನಲ್ಲೂ ಆ ಕಲೆ ಇದೆ. ಡೆಂಟಲ್ ಸ್ಕೂಲಿನಲ್ಲಿ ಸಹಪಾಠಿಗಳು ಕಲೆ ಮುಚ್ಚುವ ತೆಳು ಪದರ, ವೆನೀರ್, ಹಾಕಿಕೋ ಅಂತ ಎಷ್ಟೋ ಸಲ ಹೇಳಿದರು, ಹಾಕಿಸಿಕೊಳ್ಳಲಿಲ್ಲ. ಇಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಇರಲಿ ಅಂತ ಸರ್ಕಾರ 2015ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲಿ 1.5 ದಾಟಬಾರದು ಅಂತ ಮಿತಿ ಇಟ್ಟುಕೊಂಡೂ ದಾಟುತ್ತದೆ. ಒಂದು ಊರಿಗೆ ಅದು ಇಲ್ಲದ್ದು ಕೊರತೆ, ಇನ್ನೊಂದು ಊರಿಗೆ ಇರುವುದೇ ರೋಗ.

ಇರಲಿ. ಅಂಕ ಹೆಚ್ಚಿರುವ ಜಾಗದವರಿಗೆ ಮೊದಲು ದುಡ್ಡು, ಹಾಗೇ ಕೆಳಗಿಳಿಯುತ್ತಾ ಬಂದು ದುಡ್ಡು ಮುಗಿದಲ್ಲಿ ನಿಲ್ಲುತ್ತದೆ. ನಮ್ಮ ಕ್ಲಿನಿಕ್ಕಿನ ಅಂಕ 16. ಅಷ್ಟಕ್ಕೆ ಸಿಗುವುದು ಕಷ್ಟ ಅಂತ ಜೊತೆಯವರೆಲ್ಲ ಹೇಳಿದ್ದರು. ಆದರೆ ನಾನು ಅರ್ಜಿ ಹಾಕಿದ್ದು 2021ರಲ್ಲಿ. ಆ ಮಾರ್ಚಿನಲ್ಲಿ ಕೋವಿಡ್ ಪರಿಹಾರದ ಕಾಯ್ದೆಯಲ್ಲಿ ಈ ಕೋರ್‌ಗೆ 80 ಕೋಟಿ ಡಾಲರ್ ಹೆಚ್ಚುವರಿಯಾಗಿ ಬಂದಿತ್ತು. ನನಗೂ ಸಿಕ್ಕಿತು. ಹಾಗಾಗಿ "ಅಕ್ಕನಿಗೆ 16ಕ್ಕೆ ಸಿಕ್ಕಿತು, ನಮಗೂ ಸಿಗುತ್ತೆ" ಅಂತ ಲೆಕ್ಕ ಹಾಕಬೇಡಿ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಆ ಜಾಗದ ಹಲ್ಲಿನ ಅಂಕ ಎಷ್ಟು ಅಂತ ಹರ್ಸಾದ ಜಾಲತಾಣದಲ್ಲಿ ನೋಡಿ. ಪ್ರೈಮರಿ ಕೇರ್, ಅಂದರೆ ಸಾಮಾನ್ಯ ಚಿಕಿತ್ಸೆಯ ಅಂಕ ಬೇರೆ, ಹಲ್ಲಿನದು ಬೇರೆ. ಇಂಟರ್‌ವ್ಯೂನಲ್ಲಿ ಯಾವುದು ಹೆಚ್ಚೋ ಅದನ್ನೇ ಹೇಳಿಬಿಡುವವರಿದ್ದಾರೆ.

ದುಡ್ಡು ಕಂತಿನಲ್ಲಿ ಬರುವುದಿಲ್ಲ, ಶುರುವಿನಲ್ಲೇ ಒಟ್ಟಿಗೆ ನಿಮ್ಮ ಬ್ಯಾಂಕ್ ಅಕೌಂಟಿಗೆ ಬರುತ್ತದೆ. ಆ ಬೆಳಿಗ್ಗೆ ಫೋನಿನಲ್ಲಿ ಬ್ಯಾಲೆನ್ಸ್ ನೋಡಿ ಎದೆ ಧಸಕ್ ಅಂದಿತ್ತು. ಮನೆಗೆ ಡೌನ್ ಪೇಮೆಂಟ್ ಮಾಡೋಣ, ಸಾಲ ಆಮೇಲೆ ತೀರಿಸೋಣ ಅನ್ನುವ ಯೋಚನೆ ಒಂದು ರಾತ್ರಿ ನಮ್ಮಿಬ್ಬರ ತಲೆಯಲ್ಲೂ ಓಡಾಡಿತು. ಅದು ಬೇಡ. ಈ ದುಡ್ಡು ಸಾಲಕ್ಕೇ ಹೋಗಬೇಕು, ಮುಂದೆ ಒಪ್ಪಂದ ಮುಂದುವರಿಸಬೇಕೆಂದರೆ ಪೂರ್ತಿ ಕಟ್ಟಿದ ದಾಖಲೆ ತೋರಿಸಬೇಕು. ಮಾರನೆಯ ದಿನವೇ ಕಟ್ಟಿಬಿಟ್ಟೆ.

ಇಲ್ಲಿ ನನ್ನ ಎರಡನೇ ಅದೃಷ್ಟ. 2020ರ ಮಾರ್ಚಿನಿಂದ 2023ರ ಸೆಪ್ಟೆಂಬರ್‌ವರೆಗೆ ಕೇಂದ್ರದ ಸ್ಟೂಡೆಂಟ್ ಲೋನ್‌ಗಳಿಗೆ ಬಡ್ಡಿ ಸೊನ್ನೆ. ನನ್ನ ಎರಡೂ ವರ್ಷ ಆ ಅವಧಿಯೊಳಗೇ ಬಿದ್ದವು. 50,000ದಲ್ಲಿ ಹೆಚ್ಚುಕಮ್ಮಿ ಅಷ್ಟೂ ಅಸಲಿಗೇ ಹೋಯಿತು. ಈಗ ಸೇರುವವರ ಲೆಕ್ಕ ಹೀಗಲ್ಲ. ನನ್ನಷ್ಟೇ ಸಾಲ, ನನ್ನಂತೆ ಶೇಕಡಾ ಏಳರ ಆಸುಪಾಸಿನ ಬಡ್ಡಿ ಅಂದುಕೊಳ್ಳಿ. 50,000 ಶುರುವಿನಲ್ಲೇ ಕಟ್ಟಿದರೂ ಉಳಿದದ್ದಕ್ಕೆ ವರ್ಷಕ್ಕೆ 15,000 ಡಾಲರಿನ ಮೇಲೆ ಬಡ್ಡಿಯೇ ಬೆಳೆಯುತ್ತದೆ. ಎರಡು ವರ್ಷಕ್ಕೆ 30,000ದ ಮೇಲೆ. ಸರ್ಕಾರ ಕೊಟ್ಟ 50,000ದಲ್ಲಿ ನಿಜವಾಗಿ ಸಾಲ ಕಡಿಮೆಯಾಗುವುದು 20,000ದ ಒಳಗೇ. ನಕ್ಷತ್ರ ಕೊಡಲೇಬೇಕು ಅಂದರೆ, ನನ್ನ ಅನುಭವಕ್ಕೆ ಐದಕ್ಕೆ ನಾಲ್ಕು. ಇವತ್ತು ಸೇರುವ ಹುಡುಗಿಯ ಕಣ್ಣಿನಿಂದ ನೋಡಿದರೆ ಮೂರು, ಅದೂ ತೆರಿಗೆ ಇಲ್ಲ ಅನ್ನುವ ಕಾರಣಕ್ಕೆ.

ಇನ್ನೊಂದು ಹೊಟ್ಟೆಯುರಿ. 2024ರಿಂದ ಪ್ರೈಮರಿ ಕೇರ್ ಡಾಕ್ಟರುಗಳಿಗೆ ಮೊತ್ತವನ್ನು 75,000ವರೆಗೆ ಏರಿಸಿದರು. ನರ್ಸ್ ಪ್ರಾಕ್ಟೀಷನರ್‌ಗಳಿಗೂ ಏರಿಸಿದರು, ಒಳ್ಳೆಯದೇ. ಡೆಂಟಿಸ್ಟಿಗೆ ಮಾತ್ರ ಅದೇ 50,000. ಸಾಲ ಎಲ್ಲರಿಗಿಂತ ಹೆಚ್ಚು ಹೊತ್ತವರಲ್ಲಿ ನಾವೂ ಇದ್ದೇವೆ. ಬಾಯಿ ದೇಹಕ್ಕೆ ಸೇರಿದ್ದಲ್ಲ ಅಂತ ಈ ದೇಶದ ಇನ್ಶೂರೆನ್ಸ್‌ನವರು ಮೊದಲಿಂದ ನಂಬಿದ್ದಾರೆ, ಅದು ಇವರಿಗೂ ಅಂಟಿರಬೇಕು. ಸ್ಪ್ಯಾನಿಷ್ ಪರೀಕ್ಷೆ ಪಾಸು ಮಾಡಿದರೆ ಹೆಚ್ಚುವರಿ 5,000ವರೆಗೆ ಕೊಡುವ ಏರ್ಪಾಡೂ ಆಗಲೇ ಬಂತು. ನಾನು ಕ್ಲಿನಿಕ್ಕಿನ ಅಸಿಸ್ಟೆಂಟ್‌ಗಳಿಂದ ಬೈಸಿಕೊಂಡು ಸ್ಪ್ಯಾನಿಷ್ ಕಲಿತು ಮುಗಿಸುವ ಹೊತ್ತಿಗೆ ನನ್ನ ಒಪ್ಪಂದ ಮುಗಿದಿತ್ತು.

ಇನ್ನು ಷರತ್ತುಗಳು. ವಾರಕ್ಕೆ 40 ಗಂಟೆ, ವರ್ಷಕ್ಕೆ ಕನಿಷ್ಠ 45 ವಾರ. ಅಂದರೆ ವರ್ಷದಲ್ಲಿ 35 ಕೆಲಸದ ದಿನಕ್ಕಿಂತ ಹೆಚ್ಚು ರಜೆ ಇಲ್ಲ. ಧಾರಾಳ ಅನ್ನಿಸುತ್ತೆ, ಅಲ್ವಾ? ಆದರೆ ಆ 35ರಲ್ಲಿ ಹಬ್ಬದ ರಜೆ, ಜ್ವರ ಬಂದ ದಿನ, ಕೋರ್ಸಿಗೆ ಹೋದ ದಿನ ಎಲ್ಲವೂ ಸೇರುತ್ತದೆ. ಕ್ಲಿನಿಕ್ಕು ತಾನೇ ಬಾಗಿಲು ಹಾಕುವ ಕ್ರಿಸ್‌ಮಸ್, ಥ್ಯಾಂಕ್ಸ್‌ಗಿವಿಂಗ್ ದಿನಗಳೂ ನಿಮ್ಮ ಖಾತೆಗೇ. ಅಪ್ಪನಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದಾಗ ನಾಲ್ಕು ವಾರ ಊರಿಗೆ ಹೋಗಿದ್ದೆ. 20 ದಿನ ಅಲ್ಲೇ ಹೋಯಿತು. ಆ ವರ್ಷ ಉಳಿದ ಹನ್ನೊಂದು ತಿಂಗಳು ನೆಗಡಿ ಬಂದರೂ ಮಾತ್ರೆ ನುಂಗಿ ಹೋಗುತ್ತಿದ್ದೆ. ಬೆಂಗಳೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಕ್ಯಾಲೆಂಡರಿನಲ್ಲಿ ದಿನ ಎಣಿಸುವಾಗ ಅಪ್ಪನ ಆ ಮಾತು ಚುರುಕ್ ಅಂದಿತ್ತು. ದೊಡ್ಡ ಕಾಯಿಲೆ, ಬಾಣಂತನಕ್ಕೆಲ್ಲ ಒಪ್ಪಂದವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಅವಕಾಶ ಇದೆ, ಅರ್ಜಿ ಕೊಟ್ಟು ಕೇಳಬೇಕು. ಆ ಗಡಿಬಿಡಿಯಲ್ಲಿ ನನಗದು ಹೊಳೆಯಲೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಆದದ್ದು ಗುರುವಾರಗಳಲ್ಲಿ. ಎರಡನೇ ವರ್ಷ ನಮ್ಮ ಮ್ಯಾನೇಜರ್ ಬಂದು, ಇನ್ನೊಂದು ಬ್ರಾಂಚಿನಲ್ಲಿ ಡೆಂಟಿಸ್ಟ್ ಬಿಟ್ಟು ಹೋಗಿದ್ದಾರೆ, ಗುರುವಾರ ಮಾತ್ರ ಅಲ್ಲಿಗೆ ಹೋಗಿ ಬನ್ನಿ ಅಂದರು. ಸಂಸ್ಥೆ ಒಂದೇ, ಸಂಬಳ ಒಂದೇ, ನಾನೂ ಹ್ಞೂಂ ಅಂದೆ. ಆರು ತಿಂಗಳಿಗೊಮ್ಮೆ ಪೋರ್ಟಲ್‌ನಲ್ಲಿ ನಾವು ಕೆಲಸದ ವಿವರ ತುಂಬಬೇಕು, ಕ್ಲಿನಿಕ್ಕಿನವರು ಅದನ್ನು ದೃಢೀಕರಿಸಬೇಕು. ಹಾಗೆ ತುಂಬಲು ಕೂತಾಗ ಪಟ್ಟಿಯಲ್ಲಿ ಆ ಬ್ರಾಂಚಿನ ವಿಳಾಸವೇ ಇಲ್ಲ. ಪ್ರತಿ ವಿಳಾಸಕ್ಕೂ ಬೇರೆಬೇರೆ ಅನುಮೋದನೆ ಬೇಕು, ಆ ಬ್ರಾಂಚಿನದು ಯಾವಾಗಲೋ ಮುಗಿದುಹೋಗಿತ್ತು, ನವೀಕರಿಸಿರಲಿಲ್ಲ. ಹನ್ನೊಂದು ಗುರುವಾರ. ಅಷ್ಟೂ ದಿನ ನಾನು ಹಲ್ಲು ಕಿತ್ತಿದ್ದೂ ಸುಳ್ಳಲ್ಲ, ಫಿಲ್ಲಿಂಗ್ ಮಾಡಿದ್ದೂ ಸುಳ್ಳಲ್ಲ, ಲೆಕ್ಕಕ್ಕೆ ಮಾತ್ರ ಒಂದೂ ಬರಲಿಲ್ಲ. ನನ್ನ ರಜೆಯ 35ರಿಂದ ಅವು ಕಳೆದುಹೋಗಿ, ಮಿಕ್ಕಿದ್ದಕ್ಕೆ ಒಪ್ಪಂದದ ಕೊನೆಯ ದಿನವೇ ಮುಂದಕ್ಕೆ ಹೋಯಿತು. ಮ್ಯಾನೇಜರ್ ಸಾರಿ ಅಂತ ಒಂದು ಡಬ್ಬಿ ಡೋನಟ್ ತಂದಿಟ್ಟರು. ತಪ್ಪು ಅವರದೆಷ್ಟೋ ನನ್ನದೂ ಅಷ್ಟೇ. ಒಪ್ಪಂದದಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು, ನಾನು ಓದಿದ್ದು ಮೊತ್ತ ಇದ್ದ ಪುಟ ಮಾತ್ರ.

ಹಾಗಾದರೆ ಕೋಪ ಬಂದು ಬಿಟ್ಟೇಹೋದರೆ? ಲೆಕ್ಕ ಹಾಕೋಣ. ದುಡಿಯದೆ ಉಳಿದ ಅವಧಿಗೆ ಕೊಟ್ಟಿದ್ದ ದುಡ್ಡು ವಾಪಸ್, ಅದರ ಜೊತೆಗೆ ಉಳಿದ ತಿಂಗಳೊಂದಕ್ಕೆ 7,500 ಡಾಲರ್ ದಂಡ, ಎರಡಕ್ಕೂ ಬಡ್ಡಿ. ಏನೇ ಆದರೂ 31,000ಕ್ಕಿಂತ ಕಡಿಮೆ ಇಲ್ಲ. ಒಂದು ವರ್ಷ ಮುಗಿಸಿ ಬಿಟ್ಟವರಿಗೆ 25,000 ವಾಪಸ್, ಹನ್ನೆರಡು ತಿಂಗಳಿಗೆ 90,000 ದಂಡ, ಒಟ್ಟು 1,15,000, ಮೇಲೆ ಬಡ್ಡಿ. ಐವತ್ತು ಸಾವಿರ ತೆಗೆದುಕೊಂಡು ಅರ್ಧ ದುಡಿದವರಿಗೆ ಬರುವ ಬಿಲ್ಲು ಇದು. ಈ ಪುಟವನ್ನೇ ಅಪ್ಪನಿಗೆ ಓದಿ ಹೇಳಿದ್ದರೆ ಅವರು ತಮ್ಮ ಮಾತನ್ನು ವಾಪಸ್ ತಗೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಗ್ರಾಮೀಣ ಸೇವೆ ಕಡ್ಡಾಯ ಅಂತ 2012ರಲ್ಲಿ ಕಾಯ್ದೆ ಮಾಡಿ, ಅದು ಕೋರ್ಟಿನ ಮೆಟ್ಟಿಲೇರಿತು. ಇಲ್ಲಿ ಯಾರೂ ಕಡ್ಡಾಯ ಅನ್ನುವುದಿಲ್ಲ. ನೀವಾಗಿಯೇ ಬಂದು ಸಹಿ ಹಾಕುತ್ತೀರಿ, ಅಷ್ಟೇ ವ್ಯತ್ಯಾಸ. ಇದೇ ಕ್ಲಿನಿಕ್ಕಿನಲ್ಲಿ ಹೇಗೂ ಎರಡು ವರ್ಷ ಇರುತ್ತಿದ್ದೆ ಅನ್ನುವವರಿಗೆ ಇದು ರಸ್ತೆಯಲ್ಲಿ ಸಿಕ್ಕ ದುಡ್ಡು. ದುಡ್ಡಿಗೋಸ್ಕರ ಒಗ್ಗದ ಊರಿಗೆ, ಒಗ್ಗದ ಮ್ಯಾನೇಜರ್ ಕೈಕೆಳಗೆ ಹೋಗುವವರಿಗೆ ಖಂಡಿತ ಬೇಡ. ಮೊದಲು ಆರು ತಿಂಗಳು ಕೆಲಸ ಮಾಡಿ ನೋಡಿ, ಆಮೇಲೆ ಅರ್ಜಿ ಹಾಕಿ.

ಎರಡು ವರ್ಷ ಮುಗಿದ ಮೇಲೆ ಇನ್ನೊಂದು ವರ್ಷಕ್ಕೆ 20,000ವರೆಗೆ ಕೊಡುತ್ತೇವೆ, ಮುಂದುವರಿಯುತ್ತೀರಾ ಅಂತ ಕೇಳಿದರು. ಬೇಡ ಅಂದೆ. ಕಾರಣ ಪಿಎಸ್‌ಎಲ್‌ಎಫ್, ಅಂದರೆ ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್ ಅನ್ನುವ ಸಾಲ ಮಾಫಿ ಯೋಜನೆ. 2007ರ ಕಾಯ್ದೆಯದು: ಲಾಭರಹಿತ ಸಂಸ್ಥೆಯಲ್ಲಿ ಫುಲ್‌ಟೈಮ್ ಕೆಲಸ ಮಾಡುತ್ತಾ 120 ಕಂತು, ಅಂದರೆ ಹತ್ತು ವರ್ಷ, ಆದಾಯಕ್ಕೆ ತಕ್ಕಂತೆ ಕಟ್ಟಿದರೆ ಕೇಂದ್ರದ ಸಾಲದಲ್ಲಿ ಉಳಿದದ್ದೆಲ್ಲ ಮಾಫಿ. ಇದಕ್ಕೆ ಸಿಟಿಜನ್ ಆಗಿರಬೇಕೆಂಬ ಷರತ್ತಿಲ್ಲ, ಗ್ರೀನ್ ಕಾರ್ಡಿನವರು ಕಿವಿ ನಿಮಿರಿಸಿ. ನಮ್ಮ ಕ್ಲಿನಿಕ್ಕು ಲಾಭರಹಿತ, ನನ್ನ ಕಂತಿನ ಲೆಕ್ಕ 2019ರ ಡಿಸೆಂಬರಿನಿಂದಲೇ ಓಡುತ್ತಿದೆ, ಬಡ್ಡಿ ನಿಂತಿದ್ದ ತಿಂಗಳುಗಳೂ ಎಣಿಕೆಗೆ ಸೇರಿವೆ. ಕೊನೆಗೆ ಹೇಗೂ ಮಾಫಿ ಆಗುವ ಸಾಲವನ್ನು ಇಪ್ಪತ್ತು ಸಾವಿರ ಕಡಿಮೆ ಮಾಡಿಕೊಳ್ಳಲು ಮತ್ತೊಂದು ವರ್ಷ 7,500ರ ಕತ್ತಿಯ ಕೆಳಗೆ ಯಾಕೆ ಕೂರಲಿ?

ಹಾಗಿದ್ದರೆ ಮೊದಲ ಐವತ್ತು ಸಾವಿರ ಯಾಕೆ ತಗೊಂಡೆ ಅಂತ ಯಜಮಾನರು ಕೇಳುತ್ತಾರೆ. ಪಿಎಸ್‌ಎಲ್‌ಎಫ್‌ನ ಮೊದಲ ವರ್ಷಗಳಲ್ಲಿ ನೂರು ಅರ್ಜಿಗೆ 99 ತಿರಸ್ಕಾರವಾಗುತ್ತಿದ್ದವು. 2021ರ ಅಕ್ಟೋಬರಿನಲ್ಲಿ ನಿಯಮ ಸಡಿಲಿಸಿದ ಮೇಲೆ ಜನಕ್ಕೆ ನಂಬಿಕೆ ಬಂದದ್ದು, ನಾನು ಸಹಿ ಹಾಕಿದ್ದು ಅದಕ್ಕೂ ಮುಂಚೆ. ದಾವಣಗೆರೆಯಲ್ಲಿ ಐದು ವರ್ಷ ಇದ್ದವಳು ನಾನು. ಹಂಚಿನ ಮೇಲಿರುವ ಹತ್ತು ದೋಸೆಗಿಂತ ತಟ್ಟೆಗೆ ಬಿದ್ದ ಒಂದೇ ದೋಸೆ ವಾಸಿ.

ನಿಜವಾದ ದಡ್ಡತನ ಬೇರೆ ಇದೆ. ಕ್ಯಾಲಿಫೋರ್ನಿಯಾದಲ್ಲೇ ಕ್ಯಾಲ್‌ಹೆಲ್ತ್‌ಕೇರ್ಸ್ ಅಂತ ಒಂದಿದೆ, ತಂಬಾಕಿನ ತೆರಿಗೆ ದುಡ್ಡಿನಿಂದ ನಡೆಯುವುದು. ರೋಗಿಗಳಲ್ಲಿ ಶೇಕಡಾ 30ರಷ್ಟಾದರೂ ಮೆಡಿ-ಕ್ಯಾಲ್‌ನವರಿದ್ದು (ಬಡವರಿಗೆ ಈ ರಾಜ್ಯದಲ್ಲಿರುವ ಸರ್ಕಾರಿ ಆರೋಗ್ಯ ವಿಮೆ), ಐದು ವರ್ಷ ಕೆಲಸ ಮಾಡಿದರೆ 3,00,000 ಡಾಲರ್‌ವರೆಗೆ ಸಾಲ ತೀರಿಸುತ್ತದೆ. ನಮ್ಮ ಕ್ಲಿನಿಕ್ಕಿನಲ್ಲಿ 30 ಏನು, ಅದರ ಎರಡರಷ್ಟಿದ್ದಾರೆ. ಆದರೆ ಬೇರೆ ಸೇವಾ ಒಪ್ಪಂದದಲ್ಲಿ ಇರುವವರು ಅದಕ್ಕೆ ಹಾಕುವಂತಿಲ್ಲ. ನಾನು ಕಣ್ಣಿಗೆ ಬಿದ್ದ ಮೊದಲನೆಯದಕ್ಕೆ ಸಹಿ ಹಾಕಿ ಕೂತಿದ್ದೆ. ನೀವು ಯಾವ ರಾಜ್ಯದಲ್ಲಿದ್ದರೂ ಆ ರಾಜ್ಯದ್ದನ್ನು ಮೊದಲು ಹುಡುಕಿ.

ಇನ್ನು ಈಗ ಓದಲು ಸೇರುತ್ತಿರುವವರಿಗೆ: 2025ರ ಜುಲೈನಲ್ಲಿ ಬಂದ ಕಾಯ್ದೆಯಿಂದ ಗ್ರ್ಯಾಡ್ ಪ್ಲಸ್ ಸಾಲ, ಅಂದರೆ ಪದವಿಯ ಮೇಲಿನ ಓದಿಗೆ ಕೇಂದ್ರ ಕೊಡುತ್ತಿದ್ದ ಒಂದು ಬಗೆಯ ಸಾಲ, 2026ರ ಜುಲೈನಿಂದ ಹೊಸಬರಿಗೆ ಇಲ್ಲ. ಡೆಂಟಲ್‌ನಂಥ ಕೋರ್ಸಿಗೆ ಕೇಂದ್ರದ ಸಾಲ ವರ್ಷಕ್ಕೆ 50,000, ಒಟ್ಟು 2,00,000ಕ್ಕೆ ಮಿತಿ. ಮಿಕ್ಕಿದ್ದಕ್ಕೆ ಖಾಸಗಿ ಬ್ಯಾಂಕು. ಖಾಸಗಿ ಸಾಲಕ್ಕೆ ಪಿಎಸ್‌ಎಲ್‌ಎಫ್ ಅನ್ವಯಿಸುವುದಿಲ್ಲ, ಎನ್‌ಎಚ್‌ಎಸ್‌ಸಿ ದುಡ್ಡನ್ನು ಮಾತ್ರ ಅದಕ್ಕೂ ಕಟ್ಟಬಹುದು. ಹಾಗಾಗಿ ನಾನು ಮೂರು ನಕ್ಷತ್ರ ಕೊಟ್ಟ ಈ ಯೋಜನೆ ನಿಮ್ಮ ಬ್ಯಾಚಿಗೆ ನಾಲ್ಕಾದರೂ ಆಗಬಹುದು.

ಇಷ್ಟೆಲ್ಲ ವಾಟ್ಸ್ಆಪ್ ಪ್ರಶ್ನೆಗಳಲ್ಲಿ ಒಬ್ಬಳೇ ಹುಡುಗಿ, ಹುಬ್ಬಳ್ಳಿಯವಳು, ಬೇರೆ ಕೇಳಿದಳು. ಎಚ್-1ಬಿ ಇರುವುದರಿಂದ ಅವಳಿಗೆ ಈ ದುಡ್ಡು ಸಿಗುವುದಿಲ್ಲ ಅಂದ ಮೇಲೆ, "ಹೋಗಲಿ ಬಿಡ್ರಿ ಅಕ್ಕಾರ, ಕೆಲಸ ಹೆಂಗೈತ್ರಿ?" ಅಂದಳು.

ಕೆಲಸ ಹೇಗಿದೆ ಅಂದರೆ, ಬೆಳಿಗ್ಗೆ ಎಂಟಕ್ಕೆ ಶುರು, ಆರು ಗಂಟೆಗೇ ಬಾಗಿಲಿನಲ್ಲಿ ದವಡೆ ಊದಿಸಿಕೊಂಡು ಒಬ್ಬರಾದರೂ ನಿಂತಿರುತ್ತಾರೆ. ದುಡ್ಡಿಲ್ಲ ಅಂತ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಆದಾಯ ಬಡತನದ ರೇಖೆಯ ಎರಡರಷ್ಟರ ಒಳಗಿದ್ದರೆ ಅದಕ್ಕೆ ತಕ್ಕ ರಿಯಾಯಿತಿ, ರೇಖೆಯ ಕೆಳಗಿದ್ದರೆ ನಾಮಕಾವಸ್ತೆ ಶುಲ್ಕ. ಮೆಡಿ-ಕ್ಯಾಲ್ ನಮ್ಮ ಕ್ಲಿನಿಕ್ಕಿಗೆ ಕೊಡುವುದು ಭೇಟಿಗೆ ಇಷ್ಟು ಅಂತ, ಕೆಲಸಕ್ಕೆ ಇಷ್ಟು ಅಂತಲ್ಲ. ಒಂದೇ ಭೇಟಿಯಲ್ಲಿ ಎಷ್ಟು ಕೆಲಸ ಮಾಡಿದರೂ ದುಡ್ಡು ಅಷ್ಟೇ. ಹಾಗಾಗಿ ತೋಟದ ಕೆಲಸದ ಒಂದು ದಿನದ ಕೂಲಿ ಬಿಟ್ಟು ಬಂದವರು "ಎಲ್ಲ ಇವತ್ತೇ ಮುಗಿಸಿ ಡಾಕ್ಟರಮ್ಮಾ" ಅಂದಾಗ, ಮಾಡುವ ಮನಸ್ಸಿದ್ದರೂ ಶೆಡ್ಯೂಲು ಬಿಡುವುದಿಲ್ಲ. ಇದಕ್ಕೆ ಮ್ಯಾನೇಜರ್ ಜೊತೆ ನಾನು ಆಡಿರುವ ಜಗಳ ಸಾಕಷ್ಟಿದೆ. ಮೆಕ್ಸಿಕೋದ ವಾಹಾಕಾದಿಂದ ಬಂದವರಲ್ಲಿ ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಕೂಡ ಬಾರದು, ಅಲ್ಲಿನ ಮೂಲನಿವಾಸಿಗಳ ಮಿಶ್ತೆಕೋ ಭಾಷೆ ಮಾತಾಡುತ್ತಾರೆ. ರೋಗಿಯ ಮಗಳು ಸ್ಪ್ಯಾನಿಷಿಗೆ, ಅಸಿಸ್ಟೆಂಟ್ ಇಂಗ್ಲಿಷಿಗೆ, ನಾನು ಮನಸ್ಸಿನಲ್ಲಿ ಕನ್ನಡಕ್ಕೆ.

ಕ್ಯಾಲಿಫೋರ್ನಿಯಾ 2009ರಲ್ಲಿ ದೊಡ್ಡವರ ಹಲ್ಲಿನ ಚಿಕಿತ್ಸೆಯನ್ನು ಮೆಡಿ-ಕ್ಯಾಲ್‌ನಿಂದ ಹೆಚ್ಚುಕಡಿಮೆ ತೆಗೆದುಹಾಕಿತ್ತು. 2014ರಲ್ಲಿ ಸ್ವಲ್ಪ ವಾಪಸ್ ಕೊಟ್ಟು, 2018ರಲ್ಲಿ ಪೂರ್ತಿ ಕೊಟ್ಟಿತು. ನಡುವಿನ ಆ ವರ್ಷಗಳಲ್ಲಿ ಹೋದ ಹಲ್ಲುಗಳನ್ನು ನಾನು ದಿನಾ ನೋಡುತ್ತೇನೆ. ರೂಟ್ ಕೆನಾಲಿನಿಂದ ಉಳಿಯಬಹುದಿದ್ದ ದವಡೆ ಹಲ್ಲಿನ ಜಾಗದಲ್ಲಿ ನುಣ್ಣಗಿನ ವಸಡು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಅನ್ನುವುದನ್ನು ಕೇಸ್ ಶೀಟಿನಲ್ಲಿ ಬರೆದ ಹಾಗೆ.

2022ರ ಚಳಿಗಾಲದಲ್ಲಿ ಒಬ್ಬ ಹಿರಿಯರು ಬಂದರು, ಅರವತ್ತು ದಾಟಿರಬೇಕು, ಕಿತ್ತಳೆ ಕೀಳುವ ಕೆಲಸ. ಬೆರಳುಗಳ ಸಂದಿಯಲ್ಲಿ ಇನ್ನೂ ಸಿಪ್ಪೆಯ ವಾಸನೆ. ಕೆಳಗಿನ ಪಾರ್ಷಿಯಲ್ ಸೆಟ್ಟಿಗೆ (ಬಿದ್ದ ಕೆಲವು ಹಲ್ಲುಗಳ ಬದಲಿಗೆ ಹಾಕುವ ಕೃತಕ ಹಲ್ಲು) ಅಳತೆ ಕೊಡಲು ಬಂದವರು ಮಾತಾಡುವಾಗಲೆಲ್ಲ ಕೈ ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಕೈ ತೆಗೆಸಿ ಲೈಟ್ ಹಾಕಿದರೆ, ಮೇಲಿನ ಮುಂದಿನ ಹಲ್ಲುಗಳಲ್ಲಿ ಅಡ್ಡಡ್ಡ ಕಂದು ಪಟ್ಟೆ, ಅಂಚಿನಲ್ಲಿ ಚುಕ್ಕೆ ಚುಕ್ಕೆ ಗುಳಿ. ಅಸಿಸ್ಟೆಂಟ್ ಹುಡುಗಿ ಸಿಗರೇಟು ಅಂದುಕೊಂಡಳು. ನನಗೆ ಎಕ್ಸ್‌ರೇ ಬೇಕಾಗಲಿಲ್ಲ. ಯಾವ ಊರು ಅಂತ ನನ್ನ ಹರಕು ಸ್ಪ್ಯಾನಿಷಿನಲ್ಲಿ ಕೇಳಿದೆ. ಮೆಕ್ಸಿಕೋದ ದುರಾಂಗೋ ಅಂದರು. ನೀರು? "ಆಗ್ವಾ ದೆಲ್ ಪೋಸೋ," ಬಾವಿ ನೀರು. ಚಿಕ್ಕಂದಿನಿಂದ ಅದೇ. ಇಲ್ಲಿಗೆ ಬಂದ ಮೇಲೆ ಎಲ್ಲರೂ ಹಲ್ಲು ಉಜ್ಜುವುದಿಲ್ಲವೇನೋ ಅನ್ನುವ ಹಾಗೆ ನೋಡುತ್ತಾರೆ ಅಂತ ಹೇಳಿ ಮತ್ತೆ ಕೈ ಅಡ್ಡ ತಂದರು.

ನಾನು ಕುರ್ಚಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿ ಮಾಸ್ಕ್ ಕೆಳಗೆಳೆದು ಹಲ್ಲು ತೋರಿಸಿದೆ.

ಅವರು ಎದ್ದು ಕೂತರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಕತ್ತು ಓರೆ ಮಾಡಿ ನೋಡಿದರು. "ಇಗ್ವಾಲಿತೋ," ಥೇಟ್ ಹೀಗೇ ಅಂದರು. ಆಮೇಲೆ ಅಸಿಸ್ಟೆಂಟ್ ಕಡೆ ತಿರುಗಿ ಏನೋ ಕೇಳಿದರು, ಅವಳಿಗೆ ನಗು ತಡೆಯಲಾಗಲಿಲ್ಲ. ನಿಮ್ಮ ಡಾಕ್ಟರು ದುರಾಂಗೋದ ಯಾವ ಹಳ್ಳಿಯವರು ಅಂತ ಕೇಳುತ್ತಿದ್ದರಂತೆ.